ಶಾಪ ಯಾರದು, ಹೊಲ ಯಾರದು

ಪರಮೇಶ್ವರ ಒಂದೊಂದು ಜಾತಿಗೂ ಒಬ್ಬೊಬ್ಬ ಮನುಷ್ಯನನ್ನು ಸೃಷ್ಟಿಸಿ, ಪ್ರತಿಯೊಬ್ಬನಿಗೂ ಒಂದು ಕುದುರೆ ಕೊಟ್ಟನಂತೆ. ಉಳಿದವರೆಲ್ಲ ಹತ್ತಿ ಹೊರಟುಹೋದರು. ಒಬ್ಬ ಮಾತ್ರ ಕಾಲಿಡಲು ಆಸರೆ ಬೇಕೆಂದು ಕುದುರೆಯ ಹೊಟ್ಟೆಗೆ ತೂತು ಕೊರೆಯತೊಡಗಿದ. ದೇವರಿಗೆ ಸಿಟ್ಟು ಬಂತು. ನೀನೂ ನಿನ್ನ ಸಂತಾನವೂ ನೆಲ ಅಗೆದು, ಇಲಿ ಹಿಡಿದು ತಿಂದು ಬದುಕಿ ಎಂದು ಶಪಿಸಿಬಿಟ್ಟ. ಬಿಹಾರ ಮತ್ತು ಪೂರ್ವ ಉತ್ತರ ಪ್ರದೇಶದ ಮುಸಹರರ ಹುಟ್ಟಿನ ಬಗ್ಗೆ ಹೇಳುವ ಈ ಕಥೆ ಬ್ರಿಟಿಷ್ ಕಾಲದ ದಾಖಲೆಗಳಿಗೂ ಸೇರಿದೆ. ಕೆಲವರು ಹೇಳುವಾಗ ಪರಮೇಶ್ವರನ ಜಾಗದಲ್ಲಿ ಬ್ರಹ್ಮ ಬರುತ್ತಾನೆ. ಶಾಪ ಮಾತ್ರ ಅದೇ.

ಒಂದು ಇಡೀ ಸಮುದಾಯ ಏಕೆ ಹಸಿದಿದೆ ಎಂಬ ಪ್ರಶ್ನೆಗೆ ಈ ಕಥೆ ಕೊಡುವ ಉತ್ತರದಲ್ಲಿ ಜಮೀನ್ದಾರನ ಸುಳಿವಿಲ್ಲ. ಸಾಲದ ಲೆಕ್ಕವಿಲ್ಲ, ಕೊಡದೆ ಉಳಿಸಿಕೊಂಡ ಕೂಲಿಯ ಮಾತಿಲ್ಲ. ಮೂಲಪುರುಷನೊಬ್ಬನ ದಡ್ಡತನ, ಅದಕ್ಕೆ ದೇವರು ಕೊಟ್ಟ ತೀರ್ಪು, ಅಷ್ಟೇ. ಹಸಿವನ್ನು ಹೀಗೆ ವಿವರಿಸಿದ ಮೇಲೆ ಪಕ್ಕದ ಕೇರಿಯವನು ನೆಮ್ಮದಿಯಾಗಿ ಊಟ ಮಾಡಬಹುದು. ಭಾರತದ ಧಾರ್ಮಿಕ ಚಿಂತನೆಯಲ್ಲಿ ಬಹಳ ಹಳೆಯದೂ ಬಹಳ ನೋವಿನದೂ ಆದ ಪ್ರಶ್ನೆಯೊಂದು ಇಲ್ಲಿ ಎದುರಾಗುತ್ತದೆ: ಮತ್ತೊಬ್ಬರ ಕಷ್ಟಕ್ಕೆ ಕರ್ಮವನ್ನೋ ಶಾಪವನ್ನೋ ಕಾರಣವಾಗಿ ಹೇಳುವ ಹಕ್ಕು ಯಾರಿಗಾದರೂ ಇದೆಯೇ?

ಈ ಜನ ಎಷ್ಟಿದ್ದಾರೆ ಎಂಬುದನ್ನು ಮೊದಲು ನೋಡಬೇಕು. 2023ರ ಅಕ್ಟೋಬರಿನಲ್ಲಿ ಪ್ರಕಟವಾದ ಬಿಹಾರದ ಜಾತಿ ಸಮೀಕ್ಷೆಯ ಪ್ರಕಾರ ಆ ಒಂದು ರಾಜ್ಯದಲ್ಲೇ ಮುಸಹರರ ಸಂಖ್ಯೆ 40 ಲಕ್ಷ ದಾಟಿದೆ, ಅಂದರೆ ರಾಜ್ಯದ ಜನಸಂಖ್ಯೆಯ ಶೇ 3ಕ್ಕಿಂತ ತುಸು ಹೆಚ್ಚು. ಅವರ ಕುಟುಂಬಗಳಲ್ಲಿ ಶೇ 54ಕ್ಕೂ ಹೆಚ್ಚಿನವು ತಿಂಗಳಿಗೆ 6,000 ರೂಪಾಯಿಯೊಳಗೆ ಬದುಕುತ್ತಿವೆ. 2001ರ ಜನಗಣತಿಯಲ್ಲಿ ಬಿಹಾರದ ಮುಸಹರರ ಸಾಕ್ಷರತೆ ಶೇ 9 ಮಾತ್ರ ಇತ್ತು. ಸ್ವಾತಂತ್ರ್ಯ ಬಂದು ಅರ್ಧ ಶತಮಾನ ಕಳೆದ ಮೇಲೂ ಹತ್ತರಲ್ಲಿ ಒಂಬತ್ತು ಜನಕ್ಕೆ ತಮ್ಮ ಹೆಸರು ಬರೆಯಲು ಬರುತ್ತಿರಲಿಲ್ಲ. ಗಡಿಯಾಚೆ ನೇಪಾಳದ ತರಾಯಿಯಲ್ಲೂ ಎರಡು ಲಕ್ಷಕ್ಕೂ ಹೆಚ್ಚು ಮುಸಹರರಿದ್ದಾರೆ. ಅಲ್ಲಿ ಜೀತದಲ್ಲಿದ್ದ ಹರುವಾ–ಚರುವಾಗಳನ್ನು ಸರ್ಕಾರ ವಿಮುಕ್ತರೆಂದು ಘೋಷಿಸಿದ್ದು 2022ರಲ್ಲಿ.

ಊರಿನ ಅಂಚಿನಲ್ಲಿ, ಸಾಮಾನ್ಯವಾಗಿ ನೀರು ನಿಲ್ಲುವ ತಗ್ಗಿನಲ್ಲಿ, ಮುಸಹರಿ ಅಥವಾ ಮುಸಹರ ಟೋಲಿ ಎಂದು ಕರೆಯುವ ಕೇರಿ ಇರುತ್ತದೆ. ಮಣ್ಣಿನ ಗೋಡೆ, ಹುಲ್ಲಿನ ಸೂರು, ಬಗ್ಗಿ ನುಸುಳಬೇಕಾದ ಬಾಗಿಲು. ಕಾಲಾ ಅಜಾರ್ ಎಂಬ ಮಾರಕ ಜ್ವರವನ್ನು ಹರಡುವ ಮರಳುನೊಣ ಇಂಥ ಗೋಡೆಗಳ ಬಿರುಕುಗಳಲ್ಲೇ ಅಡಗಿರುತ್ತದೆ. ಆ ಕಾಯಿಲೆಗೆ ಬಿಹಾರದಲ್ಲಿ ಹೆಚ್ಚಾಗಿ ಸಿಕ್ಕಿಬಿದ್ದವರಲ್ಲಿ ಮುಸಹರರೂ ಸೇರಿರುವುದು ಆಕಸ್ಮಿಕವಲ್ಲ. ಭತ್ತದ ಕೊಯ್ಲು ಮುಗಿದ ಮೇಲೆ ಹೆಂಗಸರೂ ಮಕ್ಕಳೂ ಗುದ್ದಲಿ ಹಿಡಿದು ಗದ್ದೆಗಿಳಿಯುತ್ತಾರೆ. ಇಲಿ ಸಿಕ್ಕರೆ ಸುಟ್ಟು ತಿನ್ನುವುದುಂಟು. ಆದರೆ ಬಿಲ ಅಗೆಯುವುದು ಬರೀ ಇಲಿಗಾಗಿ ಅಲ್ಲ. ಇಲಿ ಹೊತ್ತೊಯ್ದು ಕೂಡಿಟ್ಟ ತೆನೆಯೂ ಬೇಕು. ತಾವೇ ನಾಟಿ ಮಾಡಿ, ಕಳೆ ಕಿತ್ತು, ಕೊಯ್ದು, ಒಕ್ಕಿ ಮಾಲೀಕನ ಕಣಜ ತುಂಬಿಸಿದ ಭತ್ತದಲ್ಲಿ ಅವರ ಪಾಲಿಗೆ ಉಳಿದದ್ದು ಇಲಿಯ ಹಗೇವಿನಲ್ಲಿ ಇರುವಷ್ಟು.

ಹೀಗೆ ಆದದ್ದು ಹೇಗೆ ಎಂಬುದಕ್ಕೆ ಪುರಾಣದ ನೆರವಿಲ್ಲದೆಯೇ ಉತ್ತರ ಸಿಗುತ್ತದೆ. ದಕ್ಷಿಣ ಬಿಹಾರದಲ್ಲಿ ಭುಯಿಯಾ ಎಂಬ ಹೆಸರಿನಿಂದಲೂ ಗುರುತಿಸಿಕೊಳ್ಳುವ ಈ ಜನ ತಲೆಮಾರುಗಳ ಕಾಲ ಕಮಿಯಾಗಳಾಗಿದ್ದರು. ಮಗನ ಮದುವೆಗೆಂದು ಒಂದಿಷ್ಟು ಧಾನ್ಯ, ಒಂದಿಷ್ಟು ದುಡ್ಡು ತಂದರೆ ಅಪ್ಪ ಆ ಮಾಲೀಕನ ಹೊಲಕ್ಕೆ ಕಟ್ಟುಬೀಳುತ್ತಿದ್ದ. ಅವನು ಸತ್ತರೆ ಮಗ. ಕಮಿಯೌತಿ ಕರಾರುಗಳನ್ನು ಹತೋಟಿಗೆ ತರಲು 1920ರಲ್ಲೇ ಬಿಹಾರ–ಒರಿಸ್ಸಾ ಪ್ರಾಂತ್ಯದಲ್ಲಿ ಕಾಯ್ದೆ ಬಂತು. 1976ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಜೀತವಿಮುಕ್ತಿ ಕಾಯ್ದೆ ಬಂತು. ಈಗ ಅದೇ ಮನೆಗಳ ಮಕ್ಕಳು ಮುಂಗಡ ಹಣ ಪಡೆದು ಇಟ್ಟಿಗೆ ಗೂಡುಗಳಿಗೆ ಹೋಗುತ್ತಾರೆ. ಮುಂಗಡ ತೀರುವವರೆಗೆ ಅಲ್ಲಿಂದ ಕದಲುವಂತಿಲ್ಲ.

ಕರ್ಮಸಿದ್ಧಾಂತವನ್ನು ಹಳ್ಳಿಯ ಕಥೆಯ ಮಟ್ಟದಲ್ಲೇ ಬಿಟ್ಟು ಟೀಕಿಸುವುದು ನ್ಯಾಯವಲ್ಲ. ಅದನ್ನು ಅದರ ಎತ್ತರದಲ್ಲೇ ಎದುರಿಸಬೇಕು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಈ ಪ್ರಶ್ನೆ ನೇರವಾಗಿಯೇ ಏಳುತ್ತದೆ. ಒಬ್ಬನನ್ನು ಸುಖದಲ್ಲೂ ಇನ್ನೊಬ್ಬನನ್ನು ದುಃಖದಲ್ಲೂ ಹುಟ್ಟಿಸುವ ದೇವರು ಪಕ್ಷಪಾತಿಯಲ್ಲವೇ, ನಿರ್ದಯಿಯಲ್ಲವೇ? ಅಲ್ಲ ಎನ್ನುತ್ತಾರೆ ಶಂಕರರು. ಆಯಾ ಜೀವದ ಧರ್ಮಾಧರ್ಮಗಳನ್ನು ನೋಡಿಯೇ ಈಶ್ವರ ಸೃಷ್ಟಿಸುತ್ತಾನೆ. ಅದಕ್ಕೆ ಅವರು ಕೊಡುವ ದೃಷ್ಟಾಂತ ಮಳೆಯದು. ಮಳೆ ಎಲ್ಲ ಬೆಳೆಗೂ ಸಮಾನ ಕಾರಣ, ಭತ್ತ ಭತ್ತವಾಗುವುದಕ್ಕೂ ಜವೆ ಜವೆಯಾಗುವುದಕ್ಕೂ ಆಯಾ ಬೀಜದ ಗುಣ ಕಾರಣ. ದೇವರ ಮೇಲಿನ ಆರೋಪವನ್ನು ತೆಗೆಯುವುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ವಾದ ಸಿಗುವುದು ಕಷ್ಟ.

ಆದರೆ ಆ ವಾದವನ್ನು ಗಯಾ ಜಿಲ್ಲೆಯ ಒಂದು ಗದ್ದೆಯ ಬದುವಿನ ಮೇಲೆ ನಿಂತು ಓದಿದರೆ ಅದರಲ್ಲಿ ಏನು ಬಿಟ್ಟುಹೋಗಿದೆ ಎಂಬುದು ಕಾಣುತ್ತದೆ. ಮಳೆಯೇನೋ ಎಲ್ಲರಿಗೂ ಸಮನಾಗಿ ಸುರಿಯುತ್ತದೆ, ಹೊಲ ಸಮನಾಗಿ ಹಂಚಿಕೆಯಾಗಿಲ್ಲ. ದೇವರಿಗೂ ಜೀವಕ್ಕೂ ನಡುವೆ ಖಾತೆ, ಪಹಣಿ, ಸಾಲಪತ್ರ, ಲಾಠಿ ಇಷ್ಟೂ ಇವೆ. ಆಪಾದಿತನ ಸ್ಥಾನದಲ್ಲಿ ದೇವರನ್ನು ನಿಲ್ಲಿಸಿ ಬಿಡುಗಡೆ ಮಾಡಿದ ಆ ಚರ್ಚೆಯಲ್ಲಿ ಮನುಷ್ಯನನ್ನು ಕರೆದು ವಿಚಾರಿಸಲೇ ಇಲ್ಲ. ಛಾಂದೋಗ್ಯ ಉಪನಿಷತ್ತು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಟ್ಟ ನಡತೆಯವರು ಪಡೆಯುವ ಜನ್ಮಗಳಲ್ಲಿ ನಾಯಿ, ಹಂದಿಗಳ ಜೊತೆಗೆ ಚಂಡಾಲನನ್ನೂ ಸೇರಿಸುತ್ತದೆ. ಆ ಸಾಲನ್ನು ಬರೆದವರಿಗೂ ಕಲಿಸಿದವರಿಗೂ ತಮ್ಮ ಎದುರಿಗಿದ್ದ ಮನುಷ್ಯನ ಮುಖ ಕಂಡಿತ್ತೇ ಎಂದು ಕೇಳದೆ ಇರಲಾಗುವುದಿಲ್ಲ. ತನ್ನ ಕಷ್ಟವನ್ನು ತಾನು ತಾಳಿಕೊಳ್ಳಲು ಒಬ್ಬಳು ತಾಯಿ 'ನನ್ನ ಕರ್ಮ' ಎಂದುಕೊಂಡರೆ ಆ ಮಾತಿಗೆ ಗೌರವವಿದೆ. ಅವಳ ಕೂಲಿ ಹಿಡಿದಿಟ್ಟುಕೊಂಡವನು 'ಅವಳ ಕರ್ಮ' ಎಂದರೆ ಅದು ಅಧರ್ಮ. ಕರ್ಮದ ಮಾತನ್ನು ತನಗೆ ಹೇಳಿಕೊಳ್ಳಬಹುದು, ಇನ್ನೊಬ್ಬರ ಮೇಲೆ ಹೊರಿಸುವಂತಿಲ್ಲ.

ಬಾಬಾಸಾಹೇಬ ಅಂಬೇಡ್ಕರರು ತಮ್ಮ ಕೊನೆಯ ಕೃತಿ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಈ ವಿಷಯವನ್ನು ಯಾವ ಮುಲಾಜೂ ಇಲ್ಲದೆ ಹೇಳಿದರು. ಹಿಂದಿನ ಜನ್ಮದ ಪಾಪ ಇಂದಿನ ಬಡತನಕ್ಕೆ ಕಾರಣ ಎಂಬ ಸಿದ್ಧಾಂತಕ್ಕೆ ಇರಬಹುದಾದ ಉದ್ದೇಶ ಒಂದೇ, ದೀನರ ಸ್ಥಿತಿಗೆ ಹೊಣೆಯಾಗಬೇಕಾದ ರಾಜ್ಯವನ್ನೂ ಸಮಾಜವನ್ನೂ ಆ ಹೊಣೆಯಿಂದ ತಪ್ಪಿಸುವುದು ಎಂಬುದು ಅವರ ನಿಲುವು. ಅಂಥ ಅಮಾನವೀಯ ಮಾತನ್ನು ಮಹಾಕಾರುಣಿಕನಾದ ಬುದ್ಧ ಒಪ್ಪಿರಲಾರ ಎಂದು ಅವರು ನಂಬಿದ್ದರು.

ಇದೇ ಬಿಹಾರದ ನೆಲ ಇಂಥ ಇನ್ನೊಂದು ವಾಗ್ವಾದಕ್ಕೂ ಕಾರಣವಾಯಿತು. 1934ರ ಜನವರಿ 15ರಂದು ಭೂಕಂಪವಾಗಿ ಉತ್ತರ ಬಿಹಾರದಲ್ಲಿ ಸಾವಿರಾರು ಜನ ಸತ್ತರು. ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಇದು ಎಂದರು ಗಾಂಧೀಜಿ. ರವೀಂದ್ರನಾಥ ಠಾಕೂರರು ಬಹಿರಂಗವಾಗಿಯೇ ವಿರೋಧಿಸಿದರು: ಭೌತಿಕ ಅನಾಹುತಕ್ಕೆ ಭೌತಿಕ ಕಾರಣವೇ ಇರುತ್ತದೆ, ಅಲ್ಲದೆ ಗಾಂಧಿಯ ವಿರೋಧಿಗಳು ಅಸ್ಪೃಶ್ಯತೆಯ ವಿರುದ್ಧದ ಚಳವಳಿಯೇ ಭೂಕಂಪಕ್ಕೆ ಕಾರಣ ಎಂದರೆ ಏನು ಉತ್ತರ? ಗಾಂಧಿ ತಮ್ಮ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ತರ್ಕದಲ್ಲಿ ಗೆದ್ದವರು ಠಾಕೂರರೇ. ಆದರೂ ಗಾಂಧಿ ಮಾಡಿದ ಒಂದು ಪಲ್ಲಟವನ್ನು ಗಮನಿಸಬೇಕು. ಕರ್ಮಫಲದ ಲೆಕ್ಕದಲ್ಲಿ ಪಾಪಿಗಳ ಜಾಗದಲ್ಲಿ ಯಾವಾಗಲೂ ನಿಲ್ಲಿಸುತ್ತಿದ್ದ ಅಸ್ಪೃಶ್ಯರನ್ನು ತೆಗೆದು ಅವರು ಅಲ್ಲಿ ಸವರ್ಣೀಯರನ್ನು ನಿಲ್ಲಿಸಿದರು. ಆದರೆ ಭೂಮಿ ಬಾಯಿಬಿಟ್ಟಾಗ ಹಸಿದವರ ಗುಡಿಸಲೂ ಕುಸಿದಿತ್ತು, ಮತ್ತು ಆ ಸಾವನ್ನು ಯಾವ ನ್ಯಾಯದ ಲೆಕ್ಕಕ್ಕೂ ಸೇರಿಸಲಾಗದು.

ಮುಸಹರರು ತಮ್ಮ ಬಗ್ಗೆ ತಾವು ಹೇಳಿಕೊಳ್ಳುವ ಕಥೆಗಳು ಬೇರೆಯೇ. ಅವುಗಳಲ್ಲಿ ಒಂದು ಕನ್ನಡಿಗರಿಗೆ ತೀರ ಪರಿಚಿತ. ತಾವು ಶಬರಿಯ ವಂಶದವರು ಎಂದು ಅನೇಕ ಮುಸಹರರು ಹೇಳಿಕೊಳ್ಳುತ್ತಾರೆ, ಶಬರಿ ಜಯಂತಿ ಆಚರಿಸುತ್ತಾರೆ. ರಾಮದುರ್ಗ ತಾಲ್ಲೂಕಿನ ಸುರೇಬಾನದ ಶಬರಿಕೊಳ್ಳಕ್ಕೆ ಹೋಗಿಬಂದವರಿಗೆ, ವಿ. ಸೀತಾರಾಮಯ್ಯನವರ ಕವಿತೆಯಲ್ಲೂ ಪು.ತಿ.ನ. ಅವರ ಗೀತನಾಟಕದಲ್ಲೂ ಅವಳನ್ನು ಕಂಡವರಿಗೆ ಅವಳು ನಮ್ಮವಳೇ. ರುಚಿ ನೋಡಿ ಎಂಜಲಾದ ಬೋರೆಹಣ್ಣನ್ನು ಅವಳು ರಾಮನಿಗೆ ಕೊಟ್ಟ ಪ್ರಸಂಗ ವಾಲ್ಮೀಕಿಯಲ್ಲೂ ಇಲ್ಲ, ತುಳಸೀದಾಸರ ಮಾನಸದಲ್ಲೂ ಇಲ್ಲ. ಬೇರೆ ಭಕ್ತಿಕಥನಗಳಲ್ಲಿ ಅದು ಸೇರಿಕೊಂಡಿತು, ಜನ ಅದನ್ನು ಎದೆಗೆ ಒತ್ತಿಕೊಂಡರು. ಮಡಿ ಮೈಲಿಗೆಯ ಸಮಾಜದಲ್ಲಿ ಬದುಕುತ್ತಿದ್ದ ಭಕ್ತರಿಗೆ ದೇವರಾದರೂ ಎಂಜಲು ತಿನ್ನಬೇಕು ಎನಿಸಿತು ಎಂಬುದೇ ದೊಡ್ಡ ವಿಷಯ.

ಕಥೆಯಲ್ಲಿ ಆದದ್ದು ಊರಿನಲ್ಲಿ ಆಗಲಿಲ್ಲ. 2014ರ ಮೇ ತಿಂಗಳಲ್ಲಿ ಮುಸಹರ ಸಮುದಾಯದ ಜೀತನ್ ರಾಮ್ ಮಾಂಝಿ ಬಿಹಾರದ ಮುಖ್ಯಮಂತ್ರಿಯಾದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು, ತಾನು ಮಧುಬನಿ ಜಿಲ್ಲೆಯ ಗುಡಿಯೊಂದಕ್ಕೆ ಹೋಗಿಬಂದ ಮೇಲೆ ಆ ಗುಡಿಯನ್ನೂ ವಿಗ್ರಹವನ್ನೂ ತೊಳೆದರು ಎಂದು ಸಭೆಯಲ್ಲಿ ಹೇಳಿದರು. ಸ್ಥಳೀಯರು ಅಲ್ಲಗಳೆದರು, ವಿಚಾರಣೆಗೆ ಆದೇಶವಾಯಿತು. ಆ ದಿನ ಅಲ್ಲಿ ನಡೆದದ್ದು ಏನೇ ಇರಲಿ, ಒಂದು ರಾಜ್ಯದ ಮುಖ್ಯಮಂತ್ರಿ ಅದನ್ನು ನಂಬುವುದು ಸಹಜವೆನಿಸುವಂಥ ಬದುಕು ಅವರ ಹಿಂದೆ ಇತ್ತು. 2022ರ ಏಪ್ರಿಲ್‌ನಲ್ಲಿ ಅಂಬೇಡ್ಕರ್ ಜಯಂತಿಯ ಸಭೆಯಲ್ಲಿ ಅವರು ಶಬರಿಯ ಪ್ರಸಂಗವನ್ನೇ ಎತ್ತಿಕೊಂಡರು. ಅವಳು ಕೊಟ್ಟ ಹಣ್ಣನ್ನು ರಾಮ ತಿಂದ ಎನ್ನುವವರು ನಾವು ಮುಟ್ಟಿದ್ದನ್ನು ತಿನ್ನುವುದಿಲ್ಲ ಎಂದರು. ವಾಲ್ಮೀಕಿಯನ್ನೂ ತುಳಸೀದಾಸರನ್ನೂ ಗೌರವಿಸುತ್ತೇನೆ, ರಾಮನನ್ನು ದೇವರೆಂದು ಒಪ್ಪುವುದಿಲ್ಲ ಎಂದೂ ಹೇಳಿದರು. ಗದ್ದಲವಾಯಿತು. ರಾಮ ದೇವರೇ ಎಂಬ ಬಗ್ಗೆ ವಾರಗಟ್ಟಲೆ ಮಾತಾಡಿದವರು ಊಟದ ಪ್ರಶ್ನೆಗೆ ಉತ್ತರಿಸಲಿಲ್ಲ.

ಶಬರಿ ಕಾಯುವವಳು. ಮುಸಹರರ ಇನ್ನೊಂದು ಕಥೆಯಲ್ಲಿ ಕಾಯುವವರು ಯಾರೂ ಇಲ್ಲ. ದೀನಾ ಮತ್ತು ಭದ್ರಿ ಎಂಬ ಅಣ್ಣತಮ್ಮಂದಿರ ಗಾಥೆಯನ್ನು ಮಿಥಿಲೆಯ ಕಡೆ ಇಂದಿಗೂ ಹಾಡುತ್ತಾರೆ. ಭಾಷಾಶಾಸ್ತ್ರಜ್ಞ ಗ್ರಿಯರ್ಸನ್ ಅದನ್ನು ಸಂಗ್ರಹಿಸಿ 1885ರಲ್ಲಿ ಅಚ್ಚು ಹಾಕಿಸಿದ. ಕನಕ್ ಸಿಂಗ್ ಧಾಮಿ ಎಂಬ ಜಮೀನ್ದಾರ ಬಿಟ್ಟಿ ಚಾಕರಿಗೆ ಕರೆಯುತ್ತಾನೆ. ಅಣ್ಣತಮ್ಮಂದಿರು ಹೋಗುವುದಿಲ್ಲ. ಅವನು ಬಲವಂತಕ್ಕಿಳಿದಾಗ ಅವನನ್ನೇ ಹಿಡಿದು ಬಡಿಯುತ್ತಾರೆ. ಕೊನೆಗೆ ಕಾಡಿನಲ್ಲಿ ಸಾಯುತ್ತಾರೆ, ಸತ್ತ ಮೇಲೂ ತಮ್ಮವರ ನಡುವೆ ಓಡಾಡುತ್ತಾರೆ, ದೇವರಾಗುತ್ತಾರೆ. ಮುಸಹರ ಟೋಲಿಗಳಲ್ಲಿ ಅವರಿಗೆ ಮಣ್ಣಿನ ಕಟ್ಟೆ, ಪೂಜೆ, ಹರಕೆ ಎಲ್ಲ ಇದೆ.

ದೇವರಾಗುವುದಕ್ಕೆ ಇವರು ಏನು ಮಾಡಿದರು ಎಂದು ಕೇಳಿಕೊಂಡರೆ ಈ ಗಾಥೆಯ ದೊಡ್ಡಸ್ತಿಕೆ ತಿಳಿಯುತ್ತದೆ. ತಪಸ್ಸು ಮಾಡಲಿಲ್ಲ, ಯಜ್ಞ ಮಾಡಲಿಲ್ಲ. ಕೂಲಿಯಿಲ್ಲದೆ ದುಡಿಯುವುದಿಲ್ಲ ಎಂದರು. ಕುದುರೆಯ ಕಥೆಯಲ್ಲಿ ದುಡಿಮೆಯ ಕಷ್ಟ ದೇವರ ಆಜ್ಞೆ. ಇಲ್ಲಿ ಅದು ಹೆಸರೂ ವಿಳಾಸವೂ ಇರುವ ಒಬ್ಬ ಮನುಷ್ಯನ ದರ್ಪ, ಮತ್ತು ಅದನ್ನು ನಿರಾಕರಿಸುವುದೇ ದೈವತ್ವ. ಓದುಬರಹ ಇಲ್ಲದವರೆಂದು ಜನಗಣತಿ ದಾಖಲಿಸಿದ ಸಮುದಾಯ ಪಂಡಿತರ ವಾದಕ್ಕೆ ಕಟ್ಟಿದ ಪ್ರತಿವಾದ ಈ ಹಾಡು. ಧರ್ಮಶಾಸ್ತ್ರದ ಚರ್ಚೆಗಳಲ್ಲಿ ಇದಕ್ಕೆ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ.

ಹಾಗೆಂದು ಆ ಜನರ ಭಕ್ತಿಯೆಲ್ಲ ಬಂಡಾಯವೇ ಎಂದು ಬಗೆದರೆ ತಪ್ಪಾಗುತ್ತದೆ. ಗಯಾ ಸೀಮೆಯ ಕಮಿಯಾಗಳ ಬಗ್ಗೆ 1990ರಲ್ಲಿ ಪುಸ್ತಕ ಬರೆದ ಇತಿಹಾಸಕಾರ ಜ್ಞಾನ್ ಪ್ರಕಾಶ್ ಅಲ್ಲಿನ 'ಮಾಲಿಕ್ ದೇವತಾ'ಗಳ ಬಗ್ಗೆ ವಿವರವಾಗಿ ಬರೆದಿದ್ದಾರೆ. ಸತ್ತ ಜಮೀನ್ದಾರನ ಆತ್ಮವನ್ನು ದುಡಿಯುವವರು ಪೂಜಿಸಿ ಸಮಾಧಾನಪಡಿಸಬೇಕಿತ್ತು. ಬದುಕಿದ್ದಾಗ ಆಳಿದವನು ಸತ್ತೂ ಆಳುತ್ತಾನೆ ಎಂಬ ಭಯಕ್ಕಿಂತ ಆಳವಾದ ಜೀತ ಇನ್ನಾವುದಿದೆ?

ಅದೇ ಗಯಾಕ್ಕೆ ಕರ್ನಾಟಕದಿಂದಲೂ ಸಾವಿರಾರು ಕುಟುಂಬಗಳು ಹೋಗುತ್ತವೆ. ಫಲ್ಗು ನದಿಯ ದಂಡೆಯಲ್ಲಿ ಪಿಂಡವಿಟ್ಟು, ವಿಷ್ಣುಪಾದಕ್ಕೆ ನಮಸ್ಕರಿಸಿ, ತಮ್ಮ ಹಿರಿಯರಿಗೆ ಸದ್ಗತಿ ಬೇಡುತ್ತವೆ. ಊರಿಂದ ಹದಿಮೂರೇ ಕಿಲೋಮೀಟರು ಆಚೆ ಬೋಧಗಯಾ. ಬುದ್ಧನಿಗೆ ಜ್ಞಾನೋದಯವಾದ ಆ ಊರಿನಲ್ಲಿ ಶೈವ ಮಹಂತರ ಮಠವೊಂದಿದೆ. ಭೂಮಿತಿ ಕಾಯ್ದೆಗಳು ಬಂದ ಮೇಲೂ ಅದರ ಹಿಡಿತದಲ್ಲಿ ಸಾವಿರಾರು ಎಕರೆ ಉಳಿದಿತ್ತು. ಜಮೀನು ದೇವರುಗಳ, ಟ್ರಸ್ಟುಗಳ, ಶಿಷ್ಯರ ಹೆಸರಿನಲ್ಲಿ ಹಂಚಿಹೋಗಿತ್ತು. ಉಳುತ್ತಿದ್ದವರು ಹೆಚ್ಚಾಗಿ ಭುಯಿಯಾಗಳು. ಜಯಪ್ರಕಾಶ ನಾರಾಯಣರ ಪ್ರೇರಣೆಯಿಂದ ಹುಟ್ಟಿದ ಛಾತ್ರ ಯುವ ಸಂಘರ್ಷ ವಾಹಿನಿಯ ಜೊತೆ ಅವರು 1978ರಲ್ಲಿ ಹೋರಾಟಕ್ಕಿಳಿದರು. ಮರುವರ್ಷ ಆಗಸ್ಟಿನಲ್ಲಿ ಮಠದ ಕಡೆಯವರ ದಾಳಿಯಲ್ಲಿ ಇಬ್ಬರು ಕೂಲಿಕಾರರು ಸತ್ತರು. ಚಳವಳಿ ನಿಲ್ಲಲಿಲ್ಲ.

ಗಂಡಸರು ಜೈಲಿನಲ್ಲಿದ್ದಾಗ ಹೊಲ ಹಿಡಿದು ನಿಂತವರು ಹೆಂಗಸರು. ಜಮೀನು ಹಂಚುವ ಸಮಯ ಬಂದಾಗ ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು: ಪಟ್ಟಾ ನಮ್ಮ ಹೆಸರಿಗೂ ಬೇಕು. ಮನೆಯ ಯಜಮಾನ ಗಂಡಸು, ಅವನ ಹೆಸರಿಗೇ ಕೊಡುವುದು ಎಂದರು ಅಧಿಕಾರಿಗಳು. ಗಂಡನ ಹೆಸರಿಗೆ ಜಮೀನಾದರೆ ಕುಡಿತವೂ ಹೊಡೆತವೂ ಹೆಚ್ಚುತ್ತವೆ ಎಂದು ಹೆಂಗಸರು ಬಹಿರಂಗ ಸಭೆಗಳಲ್ಲೇ ವಾದಿಸಿದರು. ಹೆಂಗಸರ ಹೆಸರಿಗೆ ಕೊಡದಿದ್ದರೆ ಜಮೀನೇ ಬೇಡ ಎಂದು ಪಟ್ಟು ಹಿಡಿದ ಹಳ್ಳಿಗಳೂ ಇದ್ದವು. ಎಂಬತ್ತರ ದಶಕದಲ್ಲಿ ಕೊನೆಗೂ ಕೆಲವು ಹಳ್ಳಿಗಳಲ್ಲಿ ಹೆಂಗಸರ ಹೆಸರಿಗೆ ಪಟ್ಟಾ ಬಂತು. ಭಾರತದಲ್ಲಿ ಇಂಥದ್ದು ನಡೆದ ಮೊದಲ ಹೋರಾಟಗಳಲ್ಲಿ ಇದೂ ಒಂದು. ಕಲ್ಲಿನ ದೇವರ ಹೆಸರಿನಲ್ಲಿದ್ದ ಗದ್ದೆ, ಅದರಲ್ಲಿ ಬೆನ್ನು ಬಾಗಿಸಿ ನಾಟಿ ಮಾಡಿದ ಹೆಂಗಸಿನ ಹೆಸರಿಗೆ ವರ್ಗವಾದದ್ದನ್ನು ಧಾರ್ಮಿಕ ಘಟನೆ ಎನ್ನದೆ ಬೇರೇನು ಎನ್ನಬೇಕು?

ಇದೇ ಗಯಾ ಜಿಲ್ಲೆಯ ಮುಸಹರರಲ್ಲೊಬ್ಬರು ದಶರಥ ಮಾಂಝಿ. ಗೆಹ್ಲೌರ್ ಗ್ರಾಮದ ಈ ಕೂಲಿಕಾರ, ಬೆಟ್ಟ ದಾಟುವ ದಾರಿಯಲ್ಲಿ ಬಿದ್ದು ಗಾಯಗೊಂಡ ಹೆಂಡತಿ ಫಲ್ಗುಣಿಯ ನೆನಪಿನಲ್ಲಿ 1960ರಿಂದ 1982ರವರೆಗೆ ಸುತ್ತಿಗೆ, ಉಳಿ ಹಿಡಿದು ಬೆಟ್ಟವನ್ನೇ ಸೀಳಿದರು. 360 ಅಡಿ ಉದ್ದ, 30 ಅಡಿ ಅಗಲದ ದಾರಿ ಅದು. 2011ರಲ್ಲಿ ಬಂದ ಕನ್ನಡದ 'ಒಲವೇ ಮಂದಾರ' ಚಿತ್ರದಲ್ಲೂ ಅವರ ಕಥೆ ಒಂದು ಎಳೆಯಾಗಿ ಬಂದಿದೆ. ಪ್ರೇಮಕಥೆಯಾಗಿ ಅದನ್ನು ಮೆಚ್ಚಿದವರು ಬಹಳ. ಆಸ್ಪತ್ರೆಗೆ ಒಂದು ದಾರಿ ಮಾಡಿಕೊಡಲು ಸ್ವತಂತ್ರ ದೇಶಕ್ಕೆ ಇಪ್ಪತ್ತೆರಡು ವರ್ಷ ಏಕೆ ಸಾಲಲಿಲ್ಲ ಎಂದು ಕೇಳಿದವರು ಕಡಿಮೆ.

ಬಿಡುಗಡೆಯ ದಾರಿಯಾಗಿ ಬೇರೆ ಧರ್ಮವನ್ನು ಹುಡುಕಿದವರೂ ಇದ್ದಾರೆ. ಕೇರಳದಿಂದ ಬಂದ ಕ್ರೈಸ್ತ ಸನ್ಯಾಸಿನಿ ಸುಧಾ ವರ್ಗೀಸ್ ಎಂಬತ್ತರ ದಶಕದಿಂದ ದಾನಾಪುರದ ಬಳಿಯ ಮುಸಹರ ಕೇರಿಯಲ್ಲೇ ಗುಡಿಸಲಲ್ಲಿ ಬದುಕಿ, ಆ ಮನೆಗಳ ಹೆಣ್ಣುಮಕ್ಕಳಿಗೆ ಶಾಲೆ, ವಸತಿ ಕಟ್ಟಿದರು. 2006ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆದರೆ ಆ ಕೇರಿಯ ಒಂದು ಕುಟುಂಬ ಕ್ರೈಸ್ತ ಧರ್ಮಕ್ಕೆ ಸೇರಿದರೆ 1950ರ ಪರಿಶಿಷ್ಟ ಜಾತಿ ಆದೇಶದ ಪ್ರಕಾರ ಅದರ ಮೀಸಲಾತಿ ಹೋಗುತ್ತದೆ. ಸಿಖ್ಖರನ್ನು 1956ರಲ್ಲೂ ಬೌದ್ಧರನ್ನು 1990ರಲ್ಲೂ ಆ ಆದೇಶಕ್ಕೆ ಸೇರಿಸಲಾಯಿತು, ಕ್ರೈಸ್ತ, ಮುಸ್ಲಿಂ ದಲಿತರನ್ನು ಇನ್ನೂ ಸೇರಿಸಿಲ್ಲ. ದೇವರನ್ನು ಬದಲಿಸಿದವನ ಗುಡಿಸಲು ಇದ್ದಲ್ಲೇ ಇರುತ್ತದೆ, ಊರಿನವರು ಕರೆಯುವ ಹೆಸರೂ ಬದಲಾಗುವುದಿಲ್ಲ. ಹಸಿವಿಗೆ ಮತದ ಗುರುತುಚೀಟಿ ಕೇಳುವ ಈ ಕಾನೂನು ಧರ್ಮಸ್ವಾತಂತ್ರ್ಯದ ಜೊತೆ ಹೇಗೆ ಹೊಂದುತ್ತದೆ ಎಂಬ ಪ್ರಶ್ನೆ 2022ರಲ್ಲಿ ನೇಮಕವಾದ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗದ ಮುಂದೆ ಹೋಯಿತು.

2024ರ ಸೆಪ್ಟೆಂಬರ್ 18ರ ಸಂಜೆ ಬಿಹಾರದ ನವಾದಾ ಜಿಲ್ಲೆಯಲ್ಲಿ, ದಲಿತರಲ್ಲೂ ತೀರ ಹಿಂದುಳಿದವರೆಂದು ಸರ್ಕಾರ ಗುರುತಿಸಿದ ಮಹಾದಲಿತರ ಒಂದು ಕೇರಿಗೆ ಬೆಂಕಿ ಬಿತ್ತು. ಸುಟ್ಟ ಗುಡಿಸಲುಗಳಲ್ಲಿ ಹೆಚ್ಚಿನವು ಮುಸಹರರವು. ಕಾರಣ ಆ ನೆಲದ ಮೇಲಿನ ವ್ಯಾಜ್ಯ. ಮುಖ್ಯ ಆರೋಪಿ ಮತ್ತೊಂದು ದಲಿತ ಜಾತಿಯವನು; ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಅಸಮಾನತೆ ಎಂದು ಅಂಬೇಡ್ಕರರು ಕರೆದದ್ದು ಇದನ್ನೇ. ತಾವು ಮಲಗುವ ನೆಲದ ಕಾಗದ ಕೈಯಲ್ಲಿಲ್ಲದವರು, ಕಾಗದವಿದ್ದರೂ ನೆಲ ಕೈಗೆ ಸಿಗದವರು ಬಿಹಾರದ ಹಳ್ಳಿಹಳ್ಳಿಯಲ್ಲೂ ಇದ್ದಾರೆ. ಮನೆ ಕಟ್ಟಲು ಪ್ರತಿ ಮಹಾದಲಿತ ಕುಟುಂಬಕ್ಕೆ ಮೂರು ಡೆಸಿಮಲ್, ಅಂದರೆ ಎಕರೆಯ ನೂರರಲ್ಲಿ ಮೂರು ಪಾಲು, ಜಾಗ ಎಂದು ಸರ್ಕಾರ ಘೋಷಿಸಿತ್ತು. ಅದಕ್ಕೂ ಹಿಂದೆ 2006ರಲ್ಲಿ ಭೂಸುಧಾರಣೆಗೆಂದು ಡಿ. ಬಂದೋಪಾಧ್ಯಾಯರ ಆಯೋಗವನ್ನು ನೇಮಿಸಿ, ಅದರ ವರದಿ ಪಡೆದು, ಜಾರಿ ಮಾಡದೆ ಇಟ್ಟದ್ದೂ ಅದೇ ಸರ್ಕಾರ. ಆ ವರದಿ ಕಪಾಟಿಗೆ ಹೋದದ್ದು ಯಾರ ಪೂರ್ವಜನ್ಮದ ಪಾಪದಿಂದಲೂ ಅಲ್ಲ. ಜಮೀನುಳ್ಳವರ ಓಟು, ಒತ್ತಡ, ಅದಕ್ಕೆ ಮಣಿದ ಮಂತ್ರಿಮಂಡಲ, ಇವೆಲ್ಲ ಈ ಜನ್ಮದ ಕೆಲಸಗಳೇ, ಮತ್ತು ಅವನ್ನು ಈ ಜನ್ಮದಲ್ಲೇ ತಿದ್ದಲು ಬರುತ್ತದೆ.